ಬೇಲಿಯ ಮೂರು ತಂತಿ

ನಮ್ಮ ಮನೆಯಲ್ಲಿ ಬೆಳಗಿನ ಪಕ್ಷ, ಸಂಜೆಯ ಪಕ್ಷ ಅಂತ ಎರಡು ಪಕ್ಷಗಳಿದ್ದವು. ತಕರಾರು ಒಂದೇ: ಜಿಂಕೆ ಬೇಟೆಗೆ ಬೆಳಗಿನ ಜಾವ ಒಳ್ಳೆಯದೋ, ಸಂಜೆ ಹೊತ್ತು ಒಳ್ಳೆಯದೋ. ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ, ಒಂದು ಗೋಡೆಯನ್ನು ಗುಜರಾತಿ ಸಂಸಾರದ ಜೊತೆ ಹಂಚಿಕೊಂಡಿದ್ದ ಮನೆಯಲ್ಲಿ, ವಾರಕ್ಕೆ ನಾಲ್ಕು ದಿನ ಈ ವಾದ ನಡೆಯುತ್ತಿತ್ತು ಅಂದರೆ ಜನ ನನ್ನ ಮುಖ ನೋಡಿ ನಗುತ್ತಾರೆ. ನಗಲಿ. ಕುಂದಾಪುರದ ಕಡೆಯವರೆಲ್ಲ ಲಂಡನ್ನಿಗೆ ಬಂದು ಇಡ್ಲಿ ಬೇಯಿಸುವುದಕ್ಕೇ ಹುಟ್ಟಿದವರು ಅಂತ ತಿಳಿದುಕೊಂಡವರಿಗೆ ನಾನೇನು ಹೇಳಲಿ? ಅಪ್ಪಯ್ಯ ಇಡ್ಲಿಯನ್ನೂ ಬೇಯಿಸಿದರು, ವಾರಕ್ಕೆ ಆರು ದಿನ ಹೋಟೆಲಿನ ಕಾವಲಿಯ ಮುಂದೆ ನಿಂತು ದೋಸೆಯನ್ನೂ ಹುಯ್ದರು. ಏಳನೆಯ ದಿನ, ಸೋಮವಾರ, ರೈಫಲ್ ಹಿಡಿದು ಹೋಗುತ್ತಿದ್ದರು, ಬಿಡುವಾದರೆ ಬೇರೆ ದಿನದ ಬೆಳಿಗ್ಗೆಯೂ. ಊರಲ್ಲಿ ಗದ್ದೆಗೆ ಬರುವ ಹಂದಿ ಕಾಯಲು ಕೋವಿ ಹಿಡಿದ ಕೈ ಅದು. ಪ್ರತಿ ಶನಿವಾರ ಮಸಾಲೆ ದೋಸೆ ತಿನ್ನಲು ಬರುತ್ತಿದ್ದ ಪೀಟರ್ ಎಂಬ ರೈತ, ಹರ್ಟ್‌ಫರ್ಡ್‌ಶೈರಿನಲ್ಲಿರುವ ತನ್ನ ಹೊಲದ ಗೋಧಿಯನ್ನೆಲ್ಲ ಜಿಂಕೆಗಳು ಮೇದು ಮುಗಿಸುತ್ತಿವೆ ಅಂತ ಒಮ್ಮೆ ಗೋಳು ತೋಡಿಕೊಂಡಾಗ, ಅಪ್ಪಯ್ಯ ಸೌಟು ಕೆಳಗಿಟ್ಟು ಅಡುಗೆಮನೆಯಿಂದ ಹೊರಗೆ ಬಂದರಂತೆ. ಈ ದೇಶದಲ್ಲಿ ಜಮೀನಿನವನ ಒಪ್ಪಿಗೆ, ಪೊಲೀಸರ ಲೈಸೆನ್ಸ್ ಎರಡೂ ಇದ್ದರೆ ಜಿಂಕೆ ಹೊಡೆಯುವುದು ತಪ್ಪಲ್ಲ. ಅವೆರಡನ್ನೂ ಸಂಪಾದಿಸಲು ಅವರಿಗೆ ಒಂದೂವರೆ ವರ್ಷ ಹಿಡಿಯಿತು.

ಸಂಜೆಯ ಪಕ್ಷದಲ್ಲಿದ್ದವನು ಒಬ್ಬನೇ, ಅಮ್ಮನ ತಮ್ಮ ಸುಧಾಕರ ಮಾವ. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಕುತ್ತಿಗೆಗೆ ಯಾವಾಗಲೂ ಟೈ, ಬಾಯಲ್ಲಿ ಯಾವಾಗಲೂ ತಮಾಷೆ. ಮಹಡಿಯ ಮೇಲಿನ ಚಿಕ್ಕ ಕೋಣೆ ಅವನದು. ಮಲಗಿದರೆ ತಲೆ ಒಂದು ಗೋಡೆಗೆ, ಕಾಲು ಇನ್ನೊಂದು ಗೋಡೆಗೆ ತಾಗುತ್ತಿತ್ತು. ಅವನಿಗೆ ಬೇಟೆ ಕಲಿಸಿ, ಲೈಸೆನ್ಸ್ ಮಾಡಿಸಿ, ಪೀಟರನ ಮುಂದೆ ನಿಲ್ಲಿಸಿ "ಇವನಿಗೆ ನಾನು ಜವಾಬ್ದಾರಿ" ಅಂದವರು ಅಪ್ಪಯ್ಯನೇ. ಇಬ್ಬರ ರೈಫಲ್ಲುಗಳೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಬೀಗದ ಕೈ ಎಲ್ಲಿದೆ ಅಂತ ಲೈಸೆನ್ಸ್ ಇದ್ದವರ ಹೊರತು ಯಾರಿಗೂ ಗೊತ್ತಿರಬಾರದು, ಹೆಂಡತಿಗೂ. ಪೊಲೀಸರ ಕಡೆಯವರು ಬಂದು ಅದನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಅವರು ಹೋದ ಮೇಲೆ ಅಮ್ಮನ ಸರದಿ.

"ನನ್ ಮನೆಯೊಳ್ಗೆ ನಂಗೇ ಗೊತ್ತಿಲ್ಲದ್ ಬೀಗದ ಕೈ! ಒಳ್ಳೆ ಕಥೆ ಮಾರಾಯ್ರೆ."

ವಾದ ಶುರುವಾಗುತ್ತಿದ್ದದ್ದು ಊಟದ ಹೊತ್ತಿಗೆ, ಹೋಟೆಲಿದ್ದ ದಿನ ತಡರಾತ್ರಿ. ಅಪ್ಪಯ್ಯನ ರಜೆಯ ದಿನವಾದ ಸೋಮವಾರವೇ ಅಮ್ಮನಿಗೆ ಶಿವನ ವಾರ, ಅಂದು ಒಲೆಯ ಮೇಲೆ ಮಾಂಸ ಏರುವಂತಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಸೋಮವಾರ ಕೊಲ್ಲಬಹುದಿತ್ತು, ತಿನ್ನುವಂತಿರಲಿಲ್ಲ. ಸೌತ್‌ಹಾಲಿನಿಂದ ತಂದ ಸೌತೆಕಾಯಿಯ ಹುಳಿ ಕಲಸಿಕೊಳ್ಳುತ್ತ ಅಪ್ಪಯ್ಯ ಮೊದಲ ಮಾತು ಎತ್ತುತ್ತಿದ್ದರು.

"ಬೆಳಿಗ್ಗೆ ಬೆಳಕ್ ನಮ್ ಹತ್ರ ಬತ್ತ್. ಸಂಜೆ ನಮ್ಮನ್ನ ಬಿಟ್ಟ್ ಹೋತ್ತ್. ಗುಂಡ್ ಹೆಚ್ಚುಕಮ್ಮಿ ಆದ್ರೆ ಹುಡ್ಕುಕೆ, ತಪ್ಪ್ ತಿದ್ದುಕೆ ಹಗಲ್ ಬೇಕಲ್ದಾ?"

"ಭಾವ, ಬೆಳಿಗ್ಗೆ ನೀವ್ ಹೋಪ ಹೊತ್ತಿಗೆ ಅವು ಬಯಲಗೇ ಇರ್ತೋ. ಗೇಟ್ ಸದ್ದಾದ್ ಕೂಡ್ಲೆ ಓಡ್ತೋ. ಸಂಜೆ ಅಟ್ಟಣಿಗೆ ಮೇಲೆ ಸುಮ್ನೆ ಕೂಕಂಡ್ರೆ ಸಾಕ್, ಕಾಡಿಂದ ಅವೇ ಬತ್ತೋ."

ಅಮ್ಮನಿಗೆ ಬೇಟೆಯೇ ಸರಿಬರುತ್ತಿರಲಿಲ್ಲ. ಆದರೂ ಕೇಳಿದರೆ ಅವಳು ಬೆಳಗಿನ ಪಕ್ಷ.

"ದೀಪ ಹಚ್ಚು ಹೊತ್ತಿಗೆ ಕಸ ಹೊರಗ್ ಹಾಕುಕಾಗ, ಉಪ್ಪ್ ಕೊಡುಕಾಗ. ಜೀವ ತೆಗಿಲಕ್ಕಾ?"

ಇದೆಲ್ಲ ದೊಡ್ಡ ಸಿದ್ಧಾಂತ ಅಂತ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಎಷ್ಟೋ ವರ್ಷ ಆದ ಮೇಲೆ ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು: ಅಪ್ಪಯ್ಯನಿಗೆ ಸೋಮವಾರ ಬಿಟ್ಟರೆ ದಿನವೂ ಹೋಟೆಲಿನಲ್ಲಿ ಸಂಜೆಯ ಪಾಳಿ, ಬಿಡುವು ಸಿಕ್ಕುತ್ತಿದ್ದದ್ದು ಬೆಳಿಗ್ಗೆ. ಮಾವನಿಗೆ ಬೆಳಿಗ್ಗೆ ಆಫೀಸು, ಬೇಗ ಬಿಟ್ಟು ಬಂದರೆ ಸಂಜೆ ಖಾಲಿ. ಇಬ್ಬರೂ ತಮ್ಮ ತಮ್ಮ ಡ್ಯೂಟಿಯನ್ನೇ ವೇದಾಂತ ಮಾಡಿಕೊಂಡಿದ್ದರು, ಅಷ್ಟೆ. ಆದರೆ ಎರಡು ನಿಯಮಗಳಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಅಟ್ಟಣಿಗೆಯ ಮುಂದೆ ಐವತ್ತು ಹೆಜ್ಜೆ ದೂರದಲ್ಲಿ ಒಂದು ತಂತಿ ಬೇಲಿ ಇತ್ತು, ಮೂರು ಎಳೆಯದು. ಬೆಳಕು ಕಡಿಮೆಯಾದಾಗ ಆ ಮೂರು ಎಳೆ ಬೇರೆ ಬೇರೆಯಾಗಿ ಎಣಿಕೆಗೆ ಸಿಗಬೇಕು. ಸಿಗದಿದ್ದರೆ ಎದುರಿಗೆ ಜಿಂಕೆ ಬಂದು ಕುಣಿದರೂ ರೈಫಲ್ಲಿನಿಂದ ಗುಂಡು ತೆಗೆದು ಕೆಳಗಿಳಿಯಬೇಕು. ಇದು ಅಪ್ಪಯ್ಯ ಮಾಡಿದ ನಿಯಮ. ಎರಡನೆಯದು ಪೀಟರನದು. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಹೋಗುವಂತಿಲ್ಲ, ಸಿಗದಿದ್ದರೆ ಯಾವ ಹೊತ್ತಾದರೂ ತನಗೆ ಫೋನ್ ಮಾಡಬೇಕು, ನಾಯಿ ಕರೆದುಕೊಂಡು ಬರುತ್ತೇನೆ ಅಂದಿದ್ದ. ಹೇಳದೆ ಬಿಟ್ಟು ಹೋದದ್ದು ಗೊತ್ತಾದರೆ ಇಬ್ಬರೂ ಹೊಲದ ಗೇಟಿನ ಬೀಗದ ಕೈ ವಾಪಸ್ ಕೊಡಬೇಕು. ಆ ಗೇಟು ಹೋದರೆ ಅಪ್ಪಯ್ಯನಿಗೆ ಉಳಿಯುವುದು ಕಾವಲಿ ಒಂದೇ. ಅದು ಹನ್ನೊಂದು ವರ್ಷದ ನನಗೂ ಗೊತ್ತಿತ್ತು.

ಇನ್ನೊಂದು ಊರಿನ ಪದ್ಧತಿಯೂ ನಡೆದು ಬಂದಿತ್ತು: ಬೇಟೆಗೆ ಜೊತೆಯಾಗಿ ಹೋದವರಿಗೆಲ್ಲ ಒಂದು ಪಾಲು. ಗುಂಡು ಹೊಡೆದಿರಲಿ ಬಿಡಲಿ, ಹೋದವರ ಹೆಸರಲ್ಲಿ ಮಾಂಸದ ಒಂದು ಪಾಲು ಬಾಳೆಲೆಯ ಬದಲು ಕಾಗದದ ಹಾಳೆಯ ಮೇಲೆ ಬೇರೆ ಇಡುತ್ತಿದ್ದರು. ಆಮೇಲೆ ಎಲ್ಲವೂ ಅಮ್ಮನ ಒಂದೇ ಪಾತ್ರೆಗೆ ಹೋಗಿ ಸುಕ್ಕ ಆಗುತ್ತಿತ್ತು, ಅದು ಬೇರೆ ಮಾತು. ನನಗೆ ಆ ಪಾಲಿನ ಹುಚ್ಚು. ನನ್ನ ಹೆಸರು ಹೇಳಿ ಒಂದು ತುಂಡು ಇಟ್ಟರೆ ಸಾಕು ಅಂತ ಎರಡು ವರ್ಷ ಕಾಡಿದ್ದೆ. ಅಪ್ಪಯ್ಯ, "ಇನ್ನೂ ಸಣ್ಣವ್ಳ್" ಅನ್ನುತ್ತಿದ್ದರು. ಕೊನೆಗೆ ಅಕ್ಟೋಬರಿನಲ್ಲಿ ಶಾಲೆಗೆ ಸಿಗುವ ಹಾಫ್ ಟರ್ಮ್ ರಜೆಯ ಸೋಮವಾರ, ಅಪ್ಪಯ್ಯ ಬೆಳಿಗ್ಗೆ ಹೋಗಿ ಬರಿಗೈಯಲ್ಲಿ ಬಂದರು. ಮಾವ ಮಧ್ಯಾಹ್ನವೇ ಆಫೀಸು ಬಿಟ್ಟು ಬಂದವನು, ಅವರ ಬೂಟು ನೋಡಿ ನಕ್ಕ. ನನ್ನನ್ನು ಮನೆಯಲ್ಲಿ ಹೆಣೆ ಅನ್ನುತ್ತಿದ್ದರು, ಹುಡುಗಿ ಅನ್ನುವ ಹಾಗೆ.

"ಬೆಳಗಿನ ಪಕ್ಷ ಸೋತ್ ಬಂತ್ ಕಾಣಿ. ಹೆಣೆ, ನೀ ಬತ್ಯಾ ನನ್ ಜೊತೆ? ಇವತ್ತ್ ನಿಂಗೊಂದ್ ಪಾಲ್."

ಅಪ್ಪಯ್ಯನಿಗೆ ರೇಗಿತ್ತೋ, ಸುಸ್ತಾಗಿತ್ತೋ, ಬೇಡ ಅನ್ನಲಿಲ್ಲ. "ತಂತಿ ನೆನಪಿರ್ಲಿ" ಅಂದರು ಮಾವನಿಗೆ. ನನಗೆ ಮಾತ್ರ, ಉಸಿರಾಡುವುದು ಬಿಟ್ಟು ಬೇರೇನೂ ಮಾಡಬಾರದು ಅಂದರು.

ಅಟ್ಟಣಿಗೆ ಅಂದರೆ ಓಕ್ ಮರಕ್ಕೆ ಒರಗಿಸಿ ಕಟ್ಟಿದ ಮರದ ಏಣಿ, ಮೇಲೆ ಇಬ್ಬರು ಒತ್ತಿಕೊಂಡು ಕೂರುವ ಹಲಗೆ. ನಾಲ್ಕೂವರೆಗೆ ಹತ್ತಿ ಕೂತೆವು. ಎದುರಿಗೆ ಬೇಲಿ, ಬೇಲಿಯಾಚೆ ಮೊಳಕೆ ಗೋಧಿಯ ಹೊಲ, ಎಡಕ್ಕೆ ಕಾಡು. ಒಂದು ಗಂಟೆ ಏನೂ ಇಲ್ಲ. ಕಾಲು ಜೋಮು ಹಿಡಿಯಿತು, ಮೂಗು ಸೋರಿತು, ಒರೆಸಿಕೊಳ್ಳಲು ಹೆದರಿಕೆ. ಮಾವನಂಥ ಮಾತುಗಾರ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಸೂರ್ಯ ಮುಳುಗಿದ. ಹೊಲದ ಹಸಿರು ಹೋಗಿ ಬೂದಿಯಾಯಿತು. ಇನ್ನು ಇಳಿಯುವುದೇ ಅಂತ ನನಗೆ ಅಳು ಬರುವಂತಾದಾಗ ಕಾಡಿನ ಅಂಚಿನಲ್ಲಿ ಒಂದು ಗಂಡು ಜಿಂಕೆ ಬಂದು ನಿಂತಿತು. ನಿಂತೇ ಇತ್ತು. ಒಂದು ಹೆಜ್ಜೆ ಇಟ್ಟು ಮತ್ತೆ ನಿಂತಿತು. ಮಾವ ರೈಫಲ್ ಎತ್ತಿದ. ಅದು ಪೂರ್ತಿ ಅಡ್ಡ ತಿರುಗಲಿ ಅಂತ ಕಾದ. ಕಾದಷ್ಟೂ ಕತ್ತಲಾಗುತ್ತಿತ್ತು. ಆಗ ಅವನು ತಲೆ ಅಲ್ಲಾಡಿಸದೆ ಪಿಸುಗುಟ್ಟಿದ.

"ತಂತಿ ಎಷ್ಟ್ ಕಾಣತ್ತ್ ನಿಂಗೆ?"

ನಾನು ನೋಡಿದೆ. ಮೇಲಿನದು ಕಂಡಿತು, ನಡುವಿನದು ಕಂಡಿತು. ಕೆಳಗಿನದು ಹುಲ್ಲಿನಲ್ಲಿ ಕರಗಿಹೋಗಿತ್ತು. ಮತ್ತೊಮ್ಮೆ ನೋಡಿದೆ. ಎರಡೇ.

"ಮೂರು" ಅಂದೆ.

ರೈಫಲ್ ಸಿಡಿದಾಗ ಅದರ ಬಾಯಿಂದ ಎದ್ದ ಬೆಂಕಿಗೆ ಕಣ್ಣು ಕತ್ತಲಿಟ್ಟಿತು. ಆ ಸದ್ದಿನ ಹಿಂದೆಯೇ ಇನ್ನೊಂದು ಸದ್ದು, ಒದ್ದೆ ಚಾಪೆಗೆ ಕೋಲಿನಿಂದ ಬಡಿದಂತೆ. ಕಣ್ಣು ತಿಳಿಯಾಗುವಷ್ಟರಲ್ಲಿ ಜಿಂಕೆ ಹಿಂಗಾಲೊಂದನ್ನು ಎಳೆದುಕೊಂಡು ಕಾಡಿನೊಳಗೆ ಹೋಗುವುದು ಕಂಡಿತು. ಇಳಿದು, ಟಾರ್ಚ್ ಹಿಡಿದು, ಅದು ನಿಂತಿದ್ದ ಜಾಗದಲ್ಲಿ ಹುಡುಕಿದೆವು. ಹುಲ್ಲಿನ ಮೇಲೆ ಕಪ್ಪಗೆ ಒಂದು ಕಲೆ ಇತ್ತು, ಬೆರಳಿನಗಲ. ನಾನು ಅದನ್ನು ನೋಡಿದ್ದನ್ನು ಮಾವ ನೋಡಿದ. ಕಾಡಿನೊಳಗೆ ಇಪ್ಪತ್ತು ಹೆಜ್ಜೆ ಹೋಗಿ ಬಂದ. ಜೇಬಿನಿಂದ ಫೋನ್ ತೆಗೆದ. ಪರದೆಯ ಬೆಳಕಿನಲ್ಲಿ ಅವನ ಮುಖ ಬೆವರಿತ್ತು. ಪೀಟರನ ನಂಬರು ತೆಗೆದು ಬಹಳ ಹೊತ್ತು ನೋಡಿದ, ಆಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡ.

"ಗುಂಡ್ ತಾಗ್ಲಿಲ್ಲೆ. ತಪ್ಪಿ ಹೋಯ್ತ್. ಹಂಗೇ ಹೇಳ್ಕ್, ಆಯ್ತಾ? ಗೊತ್ತಾರೆ ಪೀಟರ್ ನಿನ್ನ ಅಪ್ಪಯ್ಯನ್ನೂ ಹೊರಗ್ ಹಾಕ್ತ."

ಮನೆ ತಲುಪಿದಾಗ ಅಮ್ಮ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಊಟಕ್ಕೆ ಕೂತಾಗ ಅಪ್ಪಯ್ಯ ಕೇಳಿದರು, ಎಂತಾಯ್ತ್? ಮಾವ ಎಂದಿನ ಹಾಗೆ ತಮಾಷೆ ಮಾಡಿ ಹೇಳಿದ, ಜಿಂಕೆ ಅವನನ್ನು ನೋಡಿ ನಗುತ್ತ ಓಡಿಹೋಯಿತಂತೆ. ಅಪ್ಪಯ್ಯ ನಗಲಿಲ್ಲ. ನನ್ನ ಕಡೆ ತಿರುಗಿದರು.

"ಹೌದಾ ಹೆಣೆ?"

ಆ ಒಂದು ಕ್ಷಣ ನನ್ನ ತಟ್ಟೆಯಲ್ಲಿ ಏನೇನಿತ್ತು ಅಂತ ಈಗಲೂ ಹೇಳಬಲ್ಲೆ: ಅನ್ನ, ಹುಳಿ, ಅರ್ಧ ಹಪ್ಪಳ, ತಟ್ಟೆಯಂಚಿಗೆ ಸರಿಸಿಟ್ಟ ಎರಡು ಕರಿಬೇವಿನ ಎಲೆ. ಮಾವನ ಕೈ ಅನ್ನದ ಮೇಲೆ ನಿಂತುಬಿಟ್ಟಿತ್ತು. ಆ ಕಾಲಕ್ಕೆ ಮನೆಯವರು ಕನ್ನಡದಲ್ಲಿ ಏನು ಕೇಳಿದರೂ ನಾನು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಅವತ್ತು "ಯೆಸ್" ಅಂದೆ, ಅಷ್ಟೆ. "ನಾಳೆ ಬೆಳಿಗ್ಗೆ ನಾ ಇನ್ನೊಂದ್ಸಲ ಹೋತೆ" ಅಂದರು ಅಪ್ಪಯ್ಯ, ಮತ್ತು ಮಜ್ಜಿಗೆ ಬಡಿಸಿಕೊಂಡರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮಾಡಿದೆ. ಗಡದ್ದಾಗಿ ಮಾಡಿದೆ, ಅದೇ ನನಗೆ ಇವತ್ತಿಗೂ ಸಿಟ್ಟು ತರಿಸುವುದು.

ಎಚ್ಚರವಾದದ್ದು ಐದು ಗಂಟೆಗೆ, ಅಪ್ಪಯ್ಯನ ಕೆಟಲ್ ಸದ್ದಿಗೆ. ಕಣ್ಣು ಬಿಟ್ಟ ಕೂಡಲೇ ಆ ಹಿಂಗಾಲು ನೆನಪಾಯಿತು. ಇಳಿದು ಹೋದೆ. ಅಪ್ಪಯ್ಯ ಅಡುಗೆಮನೆಯಲ್ಲಿ ನಿಂತುಕೊಂಡೇ ಚಾ ಕುಡಿಯುತ್ತಿದ್ದರು. ಬಾಗಿಲಲ್ಲಿ ನಿಂತು ಹೇಳಿಬಿಟ್ಟೆ: ಗುಂಡು ತಾಗಿತ್ತು, ಕಾಲು ಎಳೆಯುತ್ತಿತ್ತು, ಹುಲ್ಲಿನ ಮೇಲೆ ರಕ್ತ ಇತ್ತು. ತಂತಿಯ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅವರು ಕಪ್ಪನ್ನು ಸಿಂಕಿನಲ್ಲಿ ಇಟ್ಟರು.

"ಯಾವಾಗ ಗೊತ್ತಾದ್ದ್ ನಿಂಗೆ?"

ನಿನ್ನೆ, ಅಲ್ಲೇ, ಅಂದೆ. ಅವರ ಮುಖ ನೋಡಿ ಹೆದರಿಕೆಯಾಗಿ, ಅವರದೇ ಮಾತನ್ನು ಹಿಡಿದುಕೊಂಡೆ. ಬೆಳಿಗ್ಗೆ ಅಂದರೆ ತಪ್ಪು ತಿದ್ದಲು ಹಗಲಿರುತ್ತದೆ ಅಂತ ನೀವೇ ಹೇಳುತ್ತೀರಲ್ಲ, ಈಗ ಬೆಳಿಗ್ಗೆ ತಾನೆ, ಅಂದೆ.

"ನಮ್ಗ್ ಬೆಳಗಾಯ್ತ್" ಅಂದರು. "ಆ ಜಿಂಕೆಗೆ ರಾತ್ರಿ ಆಯ್ಲಿಲ್ಯಾ?"

ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ನಾಲ್ಕು ದಿನದಲ್ಲಿ ಮರೆಯುತ್ತಿದ್ದೆನೇನೋ. ಗೋಡೆಗೆ ಒರಗಿ ನಿಂತು, ಪೀಟರನಿಗೆ ಫೋನ್ ಮಾಡಿದರು. ಫೋನ್ ಮಾಡದೆ ತಾವೊಬ್ಬರೇ ಹೋಗಿ ಹುಡುಕಬಹುದಿತ್ತು. ಸಿಕ್ಕರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಅವರಿಗೂ ಹೊಳೆದಿರಬೇಕು. ರಿಂಗ್ ಆಗುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. "ನಮ್ಮವರು ನಿನ್ನೆ ಸಂಜೆ ಒಂದಕ್ಕೆ ಗಾಯ ಮಾಡಿ ಬಿಟ್ಟು ಬಂದಿದ್ದಾರೆ" ಅಂತ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ನನಗೆ ಜಾಕೆಟ್ ಹಾಕಿಕೊಂಡು ಬಾ ಅಂದರು, ಜಾಗ ತೋರಿಸಲು.

ಪೀಟರ್ ಗೇಟಿನ ಹತ್ತಿರ ಮುದಿ ನಾಯಿಯೊಂದನ್ನು ಹಿಡಿದು ನಿಂತಿದ್ದ. ಆ ಕಲೆ ಹುಲ್ಲಿನ ಮೇಲೆ ಇನ್ನೂ ಇತ್ತು, ಇಬ್ಬನಿಗೆ ತೆಳುವಾಗಿತ್ತು. ನಾಯಿ ಮೂಗು ನೆಲಕ್ಕಿಟ್ಟು ಕಾಡಿನೊಳಗೆ ಹೋಯಿತು, ನಾವು ಹಿಂದೆ. ಜಿಂಕೆ ಹೋದ ದಾರಿಯುದ್ದಕ್ಕೂ ಗೊತ್ತಾಗುತ್ತಿತ್ತು: ಇಲ್ಲಿ ಮಲಗಿದೆ, ಇಲ್ಲಿಂದ ಎದ್ದಿದೆ, ಇಲ್ಲಿ ಮತ್ತೆ ಮಲಗಿದೆ. ಐದು ಕಡೆ ಹುಲ್ಲು ಚಪ್ಪಟೆಯಾಗಿತ್ತು. ಐದನ್ನೂ ನಾನು ಎಣಿಸಿದೆ. ಕೊನೆಗೆ ಮುಳ್ಳುಪೊದೆಯ ಕೆಳಗಿನ ಹಳ್ಳದಲ್ಲಿ ಸಿಕ್ಕಿತು. ಬದುಕಿತ್ತು. ನಮ್ಮನ್ನು ಕಂಡು ಏಳಲು ನೋಡಿತು, ಮುಂಗಾಲು ಎರಡೂ ಊರಿತು, ಹಿಂದಿನದು ಬರಲಿಲ್ಲ. ಅಪ್ಪಯ್ಯ ನನಗೆ ಮುಖ ತಿರುಗಿಸು ಅನ್ನಲಿಲ್ಲ. ಒಂದೇ ಗುಂಡು. ಆಗಷ್ಟೇ ಸೂರ್ಯ ಹುಟ್ಟುತ್ತಿದ್ದ. ಕಾಡಿನಿಂದ ಹೊರಗೆ ಬಂದಾಗ ಬೇಲಿಯ ಮೂರು ತಂತಿಯೂ ಸ್ಪಷ್ಟವಾಗಿ ಕಾಣುತ್ತಿದ್ದವು.

ರಾತ್ರಿಯೆಲ್ಲ ಹಿಂಸೆ ಪಟ್ಟ ಪ್ರಾಣಿಯ ಮಾಂಸ ತಿನ್ನಬಾರದು ಅಂದರು ಅಪ್ಪಯ್ಯ. ಪಾಲು ಅಂತ ಏನೂ ಇರಲಿಲ್ಲ. ಪೀಟರ್ ಬಹಳ ಹೊತ್ತು ನಾಯಿಯ ಬೆನ್ನು ಸವರುತ್ತಿದ್ದ. ಅವನು ಕೆಟ್ಟವನಲ್ಲ. "ನೀನು ಫೋನ್ ಮಾಡಿದೆ, ಅದಕ್ಕೆ ನಿನ್ನ ಮೇಲೆ ಗೌರವ ಇದೆ. ಆದರೆ ಇದು ನಿನ್ನೆ ಬರಬೇಕಾಗಿದ್ದ ಫೋನು" ಅಂದ. ಅಪ್ಪಯ್ಯ ಕೀ ಗೊಂಚಲಿನಿಂದ ಗೇಟಿನ ಬೀಗದ ಕೈ ಬಿಡಿಸಲು ಹೋದರು, ಬೆರಳು ಮರಗಟ್ಟಿ ಬರಲಿಲ್ಲ, ನಾನು ಬಿಡಿಸಿಕೊಟ್ಟೆ. ಅಪ್ಪಯ್ಯ ಮತ್ತೆ ಎಲ್ಲಿಯೂ ಬೇಟೆಗೆ ಹೋಗಲಿಲ್ಲ. ಮೆಟ್ಟಿಲ ಕೆಳಗಿನ ಉಕ್ಕಿನ ಪೆಟ್ಟಿಗೆ ಇವತ್ತಿಗೂ ಅಲ್ಲೇ ಇದೆ; ಅದರಲ್ಲಿ ಅಮ್ಮನ ಉಪ್ಪಿನಕಾಯಿ ಭರಣಿಗಳಿವೆ, ಬೀಗದ ಕೈ ಅವಳ ಹತ್ತಿರವೇ ಇದೆ.

ಮನೆಗೆ ಬಂದಾಗ ಒಂಬತ್ತೂವರೆ. ಮಾವ ಆಫೀಸಿಗೆ ಹೋಗಿರಲಿಲ್ಲ. ಟೈ ಕಟ್ಟಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ, ಎದುರಿಗಿದ್ದ ಚಾದ ಮೇಲೆ ಕೆನೆ ಕಟ್ಟಿತ್ತು. ಅಮ್ಮ ಒಲೆಯ ಹತ್ತಿರ ದೋಸೆ ಹುಯ್ಯುತ್ತಿದ್ದಳು. ಅಪ್ಪಯ್ಯ ಬೂಟು ಬಿಚ್ಚದೆ ಒಳಗೆ ಬಂದರು.

"ಸಿಕ್ತ್" ಅಂದರು. "ಜೀವ ಇತ್ತ್. ನಾ ಬೇಲಿ ಹತ್ರ ರಕ್ತ ಕಂಡೆ, ಹಂಗೇ ಹುಡ್ಕಂಡ್ ಹೋದೆ. ಗೇಟಿನ ಬೀಗದ ಕೈ ಕೊಟ್ಟ್ ಬಂದೆ."

ನನ್ನ ಹೆಸರೇ ಎತ್ತಲಿಲ್ಲ. ಮಾವ ನನ್ನ ಜಾಕೆಟಿನ ಮುಳ್ಳುಗಳನ್ನು ನೋಡಿದ, ಕೆಸರಾದ ಕಾಲು ನೋಡಿದ. ಗೊತ್ತಾಗದೆ ಇರುತ್ತದೆಯೇ? ಆದರೂ ಅಪ್ಪಯ್ಯನ ಕಡೆಗೇ ತಿರುಗಿ ಹೇಳಿದ.

"ತಪ್ಪ್ ನಂದೇ ಭಾವ. ತಂತಿ ನಾನೇ ಎಣ್ಸಿದ್ದ್. ಮೂರ್ ಕಂಡಂಗ್ ಆಯ್ತ್. ಈ ಹೆಣ್ಣಿಗ್ ಎಂತದೂ ಗೊತ್ತಿಲ್ಲೆ."

ಇಬ್ಬರು ಗಂಡಸರು ನನ್ನನ್ನು ಉಳಿಸಲು ತಲಾ ಒಂದು ಸುಳ್ಳು ಹೇಳಿ ಮುಗಿಸಿದ್ದರು. ನಾನು ಮಹಡಿ ಹತ್ತಿ ಹೋಗಿದ್ದರೆ ಅಲ್ಲಿಗೆ ಮುಗಿದೇ ಹೋಗುತ್ತಿತ್ತು. ಮೆಟ್ಟಿಲ ತನಕ ಹೋದೆ ಕೂಡ. ಆದರೆ ಚಪ್ಪಟೆಯಾದ ಹುಲ್ಲಿನ ಐದು ಜಾಗಗಳನ್ನು ನಾನು ಎಣಿಸಿ ಬಂದಿದ್ದೆ. ತಿರುಗಿ ಬಂದು ಬಾಗಿಲಲ್ಲಿ ನಿಂತೆ. ಇಂಗ್ಲಿಷಿನಲ್ಲಿ ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತದೆ ಅಂತ ಯಾಕೋ ಅನ್ನಿಸಿತು.

"ಅಪ್ಪಯ್ಯಂಗೆ ನಾನೇ ಹೇಳಿದ್ದ್ ಮಾವ" ಅಂದೆ. "ಮತ್ತೆ ತಂತಿ ಎರಡೇ ಕಂಡದ್ದ್. ನಂಗೆ ಪಾಲ್ ಬೇಕಿತ್ತ್. ಅದ್ಕೆ ಮೂರ್ ಅಂದೆ."

ಅಮ್ಮ ಒಲೆ ಆರಿಸಿದಳು. ಕಾವಲಿಯ ಮೇಲೆ ದೋಸೆ ಹಾಗೇ ಉಳಿಯಿತು. ಅಪ್ಪಯ್ಯ ಕುರ್ಚಿ ಎಳೆದು ಕೂತರು. ಮಾವ ತಲೆ ತಗ್ಗಿಸಿಕೊಂಡು ಟೈ ಬಿಚ್ಚಿದ, ಅದನ್ನು ಸುತ್ತಿ ಸುತ್ತಿ ಕಪ್ಪಿನ ಪಕ್ಕದಲ್ಲಿಟ್ಟ. ಅವನು ಅಳುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

"ನಂಗೂ ಎರಡೇ ಕಂಡದ್ದ್ ಹೆಣೆ" ಅಂದ. "ಅದ್ಕೇ ನಿನ್ನ ಕೇಳಿದ್ದ್."